ಚಿಕ್ಕವ್ವ ಗೋಡೆ ತಟ್ಟಿದ ದಿನ

ನಮ್ಮ ಊರಿಗೆ ಇದ್ದದ್ದು ಒಂದೇ ಬಾಗಿಲು. ಅದು ನಿನ್ನೆ ಇದ್ದ ಕಡೆ ಇವತ್ತು ಇರುತ್ತಿರಲಿಲ್ಲ. ಊರ ಸುತ್ತ ಆನೆಯೆತ್ತರದ ಕೆಮ್ಮಣ್ಣಿನ ಗೋಡೆಯಿತ್ತು. ಬೆಳಗಾಗುವ ಹೊತ್ತಿಗೆ ಬಾಗಿಲು ತನ್ನ ಚೌಕಟ್ಟು, ಕದ, ಹೊಸ್ತಿಲುಗಳ ಸಮೇತ ಆ ಗೋಡೆಯ ಬೇರೊಂದು ಕಡೆ ನಿಂತಿರುತ್ತಿತ್ತು. ಮೊದಲಿದ್ದ ಜಾಗದಲ್ಲಿ ಬರೀ ಮಣ್ಣು. ಹುಟ್ಟಿದಾಗಿನಿಂದ ನೋಡಿದವರಿಗೆ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಗೋಡೆಗೆ ಒರಗಿಸಿ ಯಾರೂ ಕಣಜ ಕಟ್ಟುತ್ತಿರಲಿಲ್ಲ, ಅಷ್ಟೆ. ಬಾಗಿಲು ಯಾರ ಮನೆಯ ಎದುರಿಗೆ ಬಂತೋ ಅವರು ಆ ದಿನ ಬಂದುಹೋಗುವವರಿಗೆ ನೀರು ಕೊಡಬೇಕಿತ್ತು. ನೇಕಾರರ ಓಣಿಯಲ್ಲಿ ಒಬ್ಬನ ಮನೆಯ ಎದುರಿಗೆ ಮಾತ್ರ ಅದು ಒಮ್ಮೆಯೂ ಬಂದಿರಲಿಲ್ಲ. ಅವನು ಜಿಪುಣನೆಂದು ಬಾಗಿಲಿಗೂ ಗೊತ್ತು ಎಂದು ಅವನ ಹೆಂಡತಿಯೇ ಬೈಯುತ್ತಿದ್ದಳು. ಪಾಪ, ಅವನು ದಿನಾ ಜಗಲಿಯ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಕಾಯುತ್ತಿದ್ದ.

ಊರಿಗೆ ಇನ್ನೊಂದು ಕಟ್ಟಳೆಯಿತ್ತು. ಹೊರಗಿನಿಂದ ಯಾರೇ ಬಂದು ಗೋಡೆಯ ಬಳಿ ನಿಂತು ಕೂಗಿದರೂ, ಒಳಗೆ ಅದನ್ನು ಕೇಳಿಸಿಕೊಂಡವರು ಬಾಗಿಲು ಎಲ್ಲಿದೆ ಎಂದು ಹೇಳಬೇಕು. ಕೂಗಿದವನು ಉಪ್ಪಿನ ವ್ಯಾಪಾರಿಯಾಗಿರಲಿ, ಕುಷ್ಠರೋಗಿಯಾಗಿರಲಿ, ಹಗೆಯ ಊರಿನವನೇ ಆಗಿರಲಿ. ಒಳಗೆ ಬಿಟ್ಟುಕೊಳ್ಳುವುದು ಬಿಡುವುದು ಬೇರೆ ಮಾತು. ಉತ್ತರ ಮಾತ್ರ ಕೊಡಲೇಬೇಕು. ಮಾತು ಬರುವ ವಯಸ್ಸಿಗೆ ನಾವು ಮಕ್ಕಳು ಮೊದಲು ಕಲಿಯುತ್ತಿದ್ದದ್ದೇ ಇದನ್ನು. ಅಡುಗೆ ಮಾಡುವವರು, ಬಟ್ಟೆಗೆ ನೀಲಿ ಅದ್ದುವವರು, ಹಾಸಿಗೆ ಹಿಡಿದ ಮುದುಕರು ಕೂಡ ಕುಳಿತಲ್ಲಿಂದಲೇ ಕೂಗಿ ಹೇಳುತ್ತಿದ್ದರು: ಬಲಕ್ಕೆ ಹೋಗಪ್ಪಾ, ಕುಂಬಾರರ ಕಡೆ.

ನಮ್ಮ ಊರನ್ನು ಆಳುತ್ತಿದ್ದವರು ಹೆಂಗಸರು. ಆಳುವವಳನ್ನು ಮಗಾಜಿಯಾ ಎನ್ನುತ್ತಿದ್ದರು. ತಾಯಿಯಿಂದ ಮಗಳಿಗೆ ಬರುವ ಪಟ್ಟ ಅದು. ನಾನು ಹೇಳುತ್ತಿರುವ ಕಾಲದಲ್ಲಿ ನನ್ನ ಅವ್ವ ತಸಲ್ಲಾ ಮಗಾಜಿಯಾ ಆಗಿದ್ದಳು. ಬಿಸಿಲು ಇಳಿದ ಮೇಲೆ ಅವಳು ಗೋಡೆಯ ಒಳಬದಿಯಲ್ಲಿ ಮಣ್ಣಿನ ಮೇಲೆ ಎಡಗೈ ಇಟ್ಟುಕೊಂಡು ನಡೆಯುತ್ತಿದ್ದಳು. ಎಲ್ಲಿ ಅಂಗೈಗೆ ಬೆಚ್ಚಗೆ ತಾಗುತ್ತದೋ ನಾಳೆ ಅಲ್ಲಿ ಬಾಗಿಲು. ಡೋಲಿನವನು ಅದನ್ನು ಸಾರುತ್ತಿದ್ದ. ನಾನು ಅವಳ ಹಿಂದೆ ನನ್ನ ಕೈ ಇಟ್ಟುಕೊಂಡು ನಡೆಯುತ್ತಿದ್ದೆ. ನನಗೆ ಮದುವೆಯ ವಯಸ್ಸು. ನನ್ನ ಅಂಗೈಗೂ ಆಗೀಗ ಆ ಬಿಸಿ ತಿಳಿಯಲು ಶುರುವಾಗಿತ್ತು. “ಕುಲು, ಇಲ್ಲಿ ಗೊತ್ತಾಯ್ತಾ?” ಎಂದು ಅವ್ವ ಕೇಳಿದಾಗ ಹೌದು ಎಂದು ಹೇಳುವಾಗಿನ ನನ್ನ ಹೆಮ್ಮೆಯನ್ನು ಈಗ ನೆನೆಸಿಕೊಂಡರೆ ಮುಖ ಎಲ್ಲಿಡಲಿ ಎನ್ನಿಸುತ್ತದೆ.

ಆ ವರ್ಷ ಸಜ್ಜೆ ಕಟಾವಾಗುವ ಹೊತ್ತಿಗೆ ಪಡುವಣದಿಂದ ಬಿಳಿಯರು ಬರುತ್ತಿದ್ದಾರೆ ಎಂಬ ಸುದ್ದಿ ಬಂತು. ಬಿಳಿಯರೆಂದರೆ ಕೈಬೆರಳಲ್ಲಿ ಎಣಿಸುವಷ್ಟು ಜನ. ಅವರ ಹಿಂದೆ ನಮ್ಮಂಥದೇ ಮೈಬಣ್ಣದ ಸಿಪಾಯಿಗಳ ದಂಡು, ಗಾಲಿಯ ಮೇಲೆ ಎಳೆದು ತರುವ ಫಿರಂಗಿ. ಅದರ ಹಿಂದೆ ಕುತ್ತಿಗೆಗೆ ಹಗ್ಗ ಬಿಗಿದು ಒಬ್ಬರಿಗೊಬ್ಬರನ್ನು ಕಟ್ಟಿದ ಹೊರೆಯಾಳುಗಳು. ಸೋತ ಊರಿನ ಜನವೇ ಮುಂದಿನ ಊರಿಗೆ ಹೊರೆ ಹೊರಬೇಕು, ಬಿದ್ದವರನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ ಎಂದು ಉಪ್ಪಿನ ವ್ಯಾಪಾರಿಗಳು ಹೇಳಿದರು.

ನಮ್ಮಿಂದ ದಕ್ಷಿಣಕ್ಕೆ ಒಂದು ಹಗಲಿನ ನಡಿಗೆಯಲ್ಲಿ ಚಿಕ್ಕವ್ವನ ಊರು. ಅವ್ವನ ಒಡಹುಟ್ಟಿದ ತಂಗಿ ಜುಮ್ಮಾಯ್ ಅಲ್ಲಿಗೆ ಸೊಸೆಯಾಗಿ ಹೋದವಳು, ಗಂಡ ಸತ್ತ ಮೇಲೆ ಊರಿನವರೇ ಅವಳನ್ನು ಹಿರಿತನಕ್ಕೆ ಕೂರಿಸಿದ್ದರು. ಅಲ್ಲಿ ಗೋಡೆಯಿರಲಿಲ್ಲ, ಮುಳ್ಳಿನ ಬೇಲಿ ಮಾತ್ರ. ಒಂದು ಬೆಳಿಗ್ಗೆ ಅವಳು ನಡೆದುಕೊಂಡೇ ನಮ್ಮಲ್ಲಿಗೆ ಬಂದಳು. ಕಾಲು ಮೊಣಕಾಲಿನ ತನಕ ಧೂಳು. ಅವ್ವ ತಾನೇ ಎದ್ದು ಸೋರೆಬುರುಡೆಯಲ್ಲಿ ಮಜ್ಜಿಗೆಗೆ ಸಜ್ಜೆಯುಂಡೆ ಕಲಸಿ ಕೊಟ್ಟಳು. ಚಿಕ್ಕವ್ವ ಅದನ್ನು ಕೆಳಗಿಟ್ಟು ಮಾತು ಶುರುಮಾಡಿದಳು.

“ಅಕ್ಕ, ಅವರು ಹೊಳೆ ದಾಟೋ ಜಾಗ ನಂಗೊತ್ತು. ನಿನ್ನ ಬಿಲ್ಲಿನವರನ್ನ ಕೊಟ್ರೆ ಅಲ್ಲೇ ತಡೀಬಹುದು. ಅದಾಗಲ್ಲ ಅಂದ್ರೆ ನನ್ನ ಮಕ್ಕಳು ಮುದುಕರನ್ನಾದ್ರೂ ಒಳಗಿಟ್ಕೋ.”

ಅವ್ವನ ಬಲಗಡೆ ಮಂತ್ರಿ ಬರಾವ್ ಕೂತಿದ್ದ. ಅಜ್ಜಿಯ ಕಾಲದಿಂದ ಇದ್ದವನು, ಒಳ್ಳೆಯ ಮನುಷ್ಯನೆಂದೇ ಎಲ್ಲರ ಅಭಿಪ್ರಾಯ. ಅವನು ಮೆಲ್ಲಗೆ ಹೇಳಿದ: “ತಾಯಿ, ಬಿಲ್ಲಿನವರು ಹೋದ್ರೆ ಊರಲ್ಲಿ ಯಾರಿರ್ತಾರೆ?” ಅವ್ವ ತಂಗಿಯ ಕಾಲಿನ ಧೂಳನ್ನು ನೋಡಿದಳು. ಆಮೇಲೆ, “ಬಿಲ್ಲಿನವರನ್ನ ಕೊಡೋಕಾಗಲ್ಲ ಜುಮ್ಮಾಯ್. ಮಕ್ಕಳು ಮುದುಕರನ್ನ ಕರ್ಕೊಂಡು ಬಾ” ಎಂದಳು.

“ನಮ್ಮ ದಾರಿ ದಕ್ಷಿಣದ ಗೋಡೆಗೆ ಬರುತ್ತೆ. ಬಾಗ್ಲು ಎಲ್ಲಿದೆ ಅಂತ ಹೇಳೋಕೆ ಒಬ್ಬರನ್ನ ನಿಲ್ಲಿಸಿರು. ಸುತ್ತಾಡೋ ಶಕ್ತಿ ಮುದುಕರಿಗಿಲ್ಲ.”

“ನಿಲ್ಲಿಸ್ತೀನಿ.”

ಚಿಕ್ಕವ್ವ ಆಗ ಬುರುಡೆ ಎತ್ತಿ ಪೂರ್ತಿ ಕುಡಿದಳು. ಹೋಗುವಾಗ ನನ್ನ ಕೆನ್ನೆ ಹಿಂಡಿ, ಬರುವಾಗ ನಿನಗೊಬ್ಬ ಗಂಡನನ್ನೂ ಕರೆತರುತ್ತೇನೆ ಎಂದು ನಕ್ಕಳು.

ಅವಳು ಹೋದ ಮೇಲೆ ಬರಾವ್ ಎದ್ದು ಹೋಗಲಿಲ್ಲ. ಅವರಿಬ್ಬರು ಬಹಳ ಹೊತ್ತು ಮಾತಾಡಿದರು. ನಾನು ಹೊರಗೆ ಸಜ್ಜೆ ಕೇರುತ್ತಿದ್ದೆ, ಕೇಳಿಸಿದ್ದು ಅಷ್ಟಿಷ್ಟು. ಜನ ಇಲ್ಲಿಗೆ ಬಂದರೆ ಅವರ ಹೆಜ್ಜೆಯ ಜಾಡು ಹಿಡಿದು ಬಿಳಿಯರೂ ಬರುತ್ತಾರೆ, ಬಾಗಿಲು ಕಾಣದ ಊರನ್ನು ಅವರು ಪಕ್ಕಕ್ಕೆ ಬಿಟ್ಟು ಹೋಗಬಹುದು ಎನ್ನುತ್ತಿದ್ದ ಬರಾವ್. ಅಜ್ಜಿಯ ಹೆಸರೂ ಒಂದೆರಡು ಸಲ ಕೇಳಿತು. ಎರಡು ದಿನ ಕಳೆದು, ಚಿಕ್ಕವ್ವನ ಜನ ಬರುವ ಹಿಂದಿನ ಸಂಜೆ ಗೋಡೆಯ ಸುತ್ತು ಹೋದಾಗ ಉತ್ತರದ ಬದಿಯಲ್ಲಿ ಅವ್ವನ ಕೈ ನಿಂತಿತು. ಅಂದು ಡೋಲು ಬಾರಿಸಬೇಡವೆಂದು ಅವಳು ಹೇಳಿದಳು.

ಬೆಳಕು ಹರಿಯುವ ಮೊದಲೇ ಕುಂಬಾರಗಿತ್ತಿಯರನ್ನು ಉತ್ತರದ ಬಾಗಿಲಿಗೆ ಕರೆಸಿದ್ದರು. ಕದದ ಹೊರಮೈಗೆ ಮಣ್ಣು ಮೆತ್ತಬೇಕು, ಫಿರಂಗಿಯ ಗುಂಡು ತಡೆಯುತ್ತದೆ ಎಂದು ಬರಾವ್ ಹೇಳಿದನಂತೆ. ಅವರು ಹೊರಗೆ ನಿಂತು ಕದ, ಚೌಕಟ್ಟು, ಹೊಸ್ತಿಲು ಎಲ್ಲವನ್ನೂ ಮೆತ್ತಿ, ಕೈಯಿಂದ ಸವರಿ ನುಣುಪು ಮಾಡಿ, ಹಗ್ಗದ ಏಣಿಯಲ್ಲಿ ಗೋಡೆ ಹತ್ತಿ ಒಳಗೆ ಬಂದರು. ತಾವು ಏನು ಮಾಡಿದೆವೆಂದು ಅವರಿಗೆ ತಿಳಿದದ್ದು ಬಿಸಿಲು ಬಂದ ಮೇಲೆ, ದಕ್ಷಿಣದ ಗೋಡೆಯ ಆಚೆಯಿಂದ ಚಿಕ್ಕವ್ವನ ಕೂಗು ಕೇಳಿದಾಗ.

“ಒಳಗಿರೋರೇ, ಬಾಗ್ಲು ಎಲ್ಲಿ?”

ನಾನು ಬಾವಿಯ ಹತ್ತಿರ ಇದ್ದೆ. ಯಾರಾದರೂ ಉತ್ತರ ಕೊಡುತ್ತಾರೆ ಎಂದುಕೊಂಡೆ. ದಕ್ಷಿಣದ ಬದಿಯ ಮನೆಗಳ ಮುಂದೆಲ್ಲ ಬರಾವ್‌ನ ಆಳುಗಳು ನಿಂತಿದ್ದರು. ಜನ ಅಂಗಳಗಳಲ್ಲಿ ಕೈಯಲ್ಲಿದ್ದ ಕೆಲಸ ಹಿಡಿದುಕೊಂಡೇ ಕೂತಿದ್ದರು. ಹಾಸಿಗೆ ಹಿಡಿದಿದ್ದ ಒಬ್ಬ ಮುದುಕ ಅಭ್ಯಾಸದಿಂದ ಬಾಯಿ ತೆರೆದ, ಸೊಸೆ ಅವನ ಬಾಯಿಗೆ ಸೆರಗು ಒತ್ತಿದಳು. ಚಿಕ್ಕವ್ವ ಮತ್ತೆ ಕೂಗಿದಳು. ಈ ಸಲ ಅವ್ವನನ್ನು ಚಿಕ್ಕಂದಿನ ಹೆಸರಿನಿಂದ ಕರೆದಳು, ಅಜ್ಜಿ ಮಾತ್ರ ಕರೆಯುತ್ತಿದ್ದ ಹೆಸರು. ನಾನು ಗೋಡೆಯ ಕಡೆ ಓಡಿ, ಉತ್ತರಕ್ಕೆ ಹೋಗಿ ಎಂದು ಹೇಳುವಷ್ಟರಲ್ಲಿ ಹಿಂದಿನಿಂದ ಒಬ್ಬ ನನ್ನ ಬಾಯಿ ಮುಚ್ಚಿದ. ನನ್ನನ್ನು ಎತ್ತಿಕೊಂಡು ಹೋಗಿ ಅವ್ವನ ಮನೆಯ ಉಗ್ರಾಣದಲ್ಲಿ ಕೂಡಿಹಾಕಿದರು. ಬಾಯಿ ಮುಚ್ಚಿದವನ ಅಂಗೈಯಿಂದ ಹುಣಸೆಹಣ್ಣಿನ ವಾಸನೆ ಬರುತ್ತಿತ್ತು.

ಆ ಉಗ್ರಾಣ ಗೋಡೆಗೆ ಹತ್ತಿರ. ಅವರು ಕೂಗುವುದನ್ನು ಬಿಟ್ಟು ಗೋಡೆಯನ್ನು ಕೈಯಿಂದ ತಟ್ಟುತ್ತ ಸುತ್ತಲು ಶುರುಮಾಡಿದ್ದು ನನಗೆ ಕೇಳಿಸಿತು. ಕದದ ಮರ ಸಿಕ್ಕಿದರೆ ಸದ್ದು ಬೇರೆ ಬರುತ್ತದೆ ಎಂಬ ಆಸೆ. ದೊಡ್ಡ ಕೈಗಳ ಸದ್ದು ಮೇಲೆ, ಮಕ್ಕಳ ಕೈಗಳ ಸದ್ದು ಕೆಳಗೆ. ಅದು ಊರನ್ನು ಪೂರ್ತಿ ಸುತ್ತಿತು. ಬಿಸಿಲು ನೆತ್ತಿಗೆ ಬಂದು ಇಳಿಯತೊಡಗಿದಾಗ ನಿಂತಿತು. ಅವರು ವಾಪಸು ಹೋದರು.

ಸಂಜೆ ಅವ್ವ ಬಂದು ಉಗ್ರಾಣದ ಚಿಲಕ ತೆಗೆದಳು. ಅವಳ ಕಣ್ಣು ನನ್ನ ಕಡೆ ಬರಲಿಲ್ಲ. “ಊರು ಉಳೀಬೇಕಿತ್ತು” ಎಂದಳು. ಅಷ್ಟೇ ಮಾತು. ನಾನು ಅವಳ ಕೈಯಿಂದ ಊಟ ತೆಗೆದುಕೊಳ್ಳಲಿಲ್ಲ. ಆದರೆ ಆ ಮನೆಯಲ್ಲೇ ಮಲಗಿದೆ, ಬೇರೆ ಮನೆ ನನಗೆಲ್ಲಿತ್ತು.

ಮರುದಿನ ದಕ್ಷಿಣದ ಆಕಾಶದಲ್ಲಿ ಹೊಗೆ ಕಂಡಿತು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ನಮ್ಮಲ್ಲಿ ಇಬ್ಬರು ಎದುರಾದರೆ ಮನೆ ಹೇಗಿದೆ, ದಣಿವು ಹೇಗಿದೆ, ಬಿಸಿಲು ಹೇಗಿದೆ, ಮಕ್ಕಳು ಹೇಗಿದ್ದಾರೆ ಎಂದು ನಿಧಾನವಾಗಿ ಕೇಳುವುದು ರೂಢಿ. ಜನ ಬಿಸಿಲಿನ ಪ್ರಶ್ನೆಯ ತನಕ ಬಂದು ನಿಲ್ಲಿಸತೊಡಗಿದರು. ಮುಂದಿನದು ಬಾಯಿಗೆ ಬರುತ್ತಿರಲಿಲ್ಲ. ಕುಂಬಾರಗಿತ್ತಿಯರು ಎಷ್ಟೋ ದಿನ ಚಕ್ರಕ್ಕೆ ಮಣ್ಣು ಹಾಕಲಿಲ್ಲ. ಬಾಗಿಲೂ ಅಲ್ಲೇ ನಿಂತುಬಿಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ಅದೇ ಉತ್ತರದ ಬದಿ, ಮೆತ್ತಿದ ಮಣ್ಣು ಒಣಗಿ ಬಿರುಕು ಬಿಟ್ಟ ಕದ. ಅವ್ವ ಸಂಜೆ ಗೋಡೆ ಸುತ್ತಿದಳು, ಅವಳ ಕೈಗೆ ಏನೂ ತಿಳಿಯಲಿಲ್ಲ. ನನ್ನ ಕೈಗೂ ತಿಳಿಯಲಿಲ್ಲ. ಮಣ್ಣು ಎಲ್ಲ ಕಡೆ ಒಂದೇ ರೀತಿ ತಣ್ಣಗಿತ್ತು.

ಬಿಳಿಯರು ನಮ್ಮನ್ನು ಪಕ್ಕಕ್ಕೆ ಬಿಟ್ಟು ಹೋಗಲಿಲ್ಲ. ಸ್ವಲ್ಪ ದಿನಗಳಲ್ಲೇ ಬಂದು ಉತ್ತರದ ಬಯಲಿನಲ್ಲಿ ಡೇರೆ ಹಾಕಿದರು. ಅವ್ವ ಅಷ್ಟರಲ್ಲಿ ಹೊರಗಿನ ಬಾವಿಗಳಿಗೆಲ್ಲ ಕಲ್ಲು ತುಂಬಿಸಿದ್ದಳು. ನಾವು ಗೋಡೆ ಹತ್ತಿ ನೋಡಿದೆವು. ಫಿರಂಗಿಯ ಪಕ್ಕದಲ್ಲಿ ನೆರಳಿಲ್ಲದ ಕಡೆ ಹೊರೆಯಾಳುಗಳನ್ನು ಕೂರಿಸಿದ್ದರು. ಮುಖ ಗುರುತು ಸಿಗುವಷ್ಟು ಹತ್ತಿರ. ಅವರಲ್ಲಿ ಹೆಚ್ಚಿನವರು ಚಿಕ್ಕವ್ವನ ಊರಿನವರು. ಸಾಲಿನ ನಡುವೆ ಚಿಕ್ಕವ್ವನೂ ಇದ್ದಳು, ತಲೆವಸ್ತ್ರ ಇರಲಿಲ್ಲ. ಅವಳು ತಲೆಯೆತ್ತಿ ಗೋಡೆಯ ಕಡೆ ನೋಡಲಿಲ್ಲ. ಅವ್ವ ನೋಡುತ್ತಲೇ ನಿಂತಳು. ನನಗೆ ಅವಳ ಮಗಳೆಂದು ಅಲ್ಲಿ ನಿಲ್ಲುವುದೇ ಕಷ್ಟವಾಗಿ ಒಂದು ಹೆಜ್ಜೆ ಆಚೆ ಸರಿದೆ. ಅವಳಿಗೆ ಅದು ಗೊತ್ತಾಯಿತು.

ಒಬ್ಬ ದುಭಾಷಿ ಬಂದು ಬಿಳಿಯರ ಮಾತು ಹೇಳಿದ. ಮಗಾಜಿಯಾ ಹೊರಗೆ ಬಂದು ಅವರ ಬಾವುಟದ ಕೆಳಗೆ ಕೂರಬೇಕು, ಕಾಳು ಮತ್ತು ಆಳುಗಳನ್ನು ಕೊಡಬೇಕು, ಮೊದಲು ನೀರು ಕೊಡಬೇಕು. ಒಪ್ಪಿದರೆ ಊರು ಹಾಗೇ ಇರುತ್ತದೆ.

“ಒಪ್ಕೊಳ್ಳೋಣ ತಾಯಿ. ಊರು ಉಳೀಲಿ” ಎಂದ ಬರಾವ್.

“ಊರು ಉಳೀಲಿ ಅಂತ ಒಂದು ಸಲ ಮಾಡಿದ್ದಾಯ್ತು” ಎಂದಳು ಅವ್ವ. “ಅದರಿಂದ ಏನು ಉಳೀತು ಅಂತ ಹೊರಗೆ ಹೋಗಿ ನೋಡು ಬರಾವ್.” ನಂತರ ದುಭಾಷಿಗೆ ಹೇಳಿದಳು: “ನಾನು ನಾಳೆ ಮಧ್ಯಾಹ್ನ ನೀರು ತಗೊಂಡು ಬರ್ತೀನಿ. ನನ್ನ ಹೆಂಗಸರು ಹೊತ್ತು ತರ್ತಾರೆ. ಮೊದಲು ಹೊರೆಯವರಿಗೆ, ಆಮೇಲೆ ಸಿಪಾಯಿಗಳಿಗೆ. ಹೊರೆಯವರು ಸತ್ರೆ ನಿಮ್ಮ ದೊರೆಗೆ ನಷ್ಟ ಅಲ್ವಾ, ಹಾಗಂತ ಹೇಳು.” ಬಿಳಿಯರ ದೊರೆ ಒಪ್ಪಿದ. ನೀರು ಹೊತ್ತ ಹೆಂಗಸರಿಂದ ಏನಾದೀತು ಎಂದುಕೊಂಡಿರಬೇಕು.

ಅಂದು ಸಂಜೆಯೇ ಮಕ್ಕಳು, ಮುದುಕರು ದಕ್ಷಿಣದ ಗೋಡೆಯನ್ನು ಏಣಿಯಿಂದ ದಾಟಿ, ತಗ್ಗಿನಲ್ಲಿ ಇಳಿದು ಕಾಡಿನ ಕಡೆ ಹೋದರು. ಕಾಳು ಹೊರುವ ಕತ್ತೆಗಳನ್ನು ಹಗ್ಗ ಕಟ್ಟಿ ಎತ್ತಿ ಆಚೆ ಇಳಿಸಿದೆವು. ಅವ್ವ ಹೆಂಗಸರನ್ನು ಕರೆದು, ನೀರಿಗೆ ಬರುವವರು ವಾಪಸು ಬರುತ್ತಾರೆ ಎಂದು ತಾನು ಹೇಳಲಾರೆ ಎಂದಳು. ಕುಂಬಾರಗಿತ್ತಿಯರು ಎಲ್ಲರಿಗಿಂತ ಮೊದಲು ಎದ್ದು ನಿಂತರು. ನಾನೂ ನಿಂತೆ. “ನೀನು ಕಾಡಿಗೆ ಹೋಗು, ನನ್ನ ನಂತರ ಒಬ್ಬರು ಬೇಕು” ಎಂದಳು ಅವ್ವ. “ನಿನ್ನ ನಂತರ ನಾನು ಕೂರಲ್ಲ” ಎಂದೆ. ಅಷ್ಟು ದಿನಗಳಲ್ಲಿ ನಾನು ಅವಳಿಗೆ ಹೇಳಿದ ಮೊದಲ ಮಾತು ಅದು. ಅವಳು ಮತ್ತೆ ಒತ್ತಾಯ ಮಾಡಲಿಲ್ಲ.

ತಲೆಯ ಮೇಲೆ ಕೊಡದ ಕೆಳಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬೆಗಳೊಳಗೆ ಚರ್ಮ ಕೊಯ್ಯುವ ಚೂರಿಗಳನ್ನು ಸುತ್ತಿದೆವು. ಮಧ್ಯಾಹ್ನ ಕದ ತೆರೆದಾಗ ಒಣಮಣ್ಣು ಹಕ್ಕಳೆ ಹಕ್ಕಳೆಯಾಗಿ ಉದುರಿತು. ಮರಳುಗಾಡಿನ ಕಡೆಯಿಂದ ಧೂಳುಗಾಳಿ ಬೀಸುತ್ತಿತ್ತು. ಅವ್ವ ಎಲ್ಲರಿಗಿಂತ ಮುಂದೆ, ತಲೆಯ ಮೇಲೆ ಅವಳದೇ ಕೊಡ. ಮಗಾಜಿಯಾ ನೀರು ಹೊತ್ತದ್ದನ್ನು ಊರು ನೋಡಿದ್ದು ಅದೇ ಮೊದಲು. ಸಿಪಾಯಿಗಳು ನಗುತ್ತ ದಾರಿ ಬಿಟ್ಟರು.

ನನ್ನ ಪಾಲಿಗೆ ಬಂದವಳು ದೇಲು ಎಂಬ ಹಣ್ಣು ಮುದುಕಿ. ಆಗ ಹೆಸರು ಗೊತ್ತಿರಲಿಲ್ಲ. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಬುರುಡೆ ಬಾಯಿಗೆ ಹಿಡಿದು, ಇನ್ನೊಂದು ಕೈಯಿಂದ ಕುತ್ತಿಗೆಯ ಹಗ್ಗ ಕೊಯ್ಯತೊಡಗಿದೆ. ಅವಳು ಕುಡಿದು ನನ್ನ ಮುಖ ನೋಡಿ, “ಯಾವೂರೇ ಮಗಳೇ ನಿಂದು?” ಎಂದಳು. ಅಷ್ಟು ಸುಲಭದ ಪ್ರಶ್ನೆಗೆ ನಾನು ಮುಖ ತಗ್ಗಿಸಿ ಹಗ್ಗದ ಕೊನೆಯ ಎಳೆ ಕೊಯ್ದೆ. ಅವಳೂ ಮತ್ತೆ ಕೇಳಲಿಲ್ಲ. ಹಗ್ಗ ಕಡಿದದ್ದು ಕಾಣದಂತೆ ಸೆರಗು ಎಳೆದುಕೊಂಡು, ಪಕ್ಕದಲ್ಲಿದ್ದ ತನ್ನ ಮಗನಿಗೆ ನೀರು ಕೊಡು ಎಂದು ಕಣ್ಣಿನಿಂದ ತೋರಿಸಿದಳು.

ಅವ್ವ ಚಿಕ್ಕವ್ವನ ಮುಂದೆ ಮಂಡಿಯೂರಿದ್ದು ನನಗೆ ಕಾಣುತ್ತಿತ್ತು. ಅವಳು ಬುರುಡೆ ಚಾಚಿದಳು. ಚಿಕ್ಕವ್ವ ಮುಖ ಪಕ್ಕಕ್ಕೆ ತಿರುಗಿಸಿದಳು. ನೀರು ಚಿಕ್ಕವ್ವನ ಮಡಿಲಿನ ಮೇಲೇ ಚೆಲ್ಲಿತು.

“ಕುಡಿ ಜುಮ್ಮಾಯ್.”

“ನೀರು ಬೇಡ. ಚೂರಿ ಕೊಡು.”

ಅವ್ವ ಸಿಂಬೆಯಿಂದ ಚೂರಿ ತೆಗೆದುಕೊಟ್ಟಳು. ಚಿಕ್ಕವ್ವ ತನ್ನ ಹಗ್ಗ ತಾನೇ ಕೊಯ್ದುಕೊಂಡು, ಅಕ್ಕನ ಕಡೆ ನೋಡದೆ ಪಕ್ಕದವರ ಹಗ್ಗಕ್ಕೆ ಕೈ ಹಾಕಿದಳು. ಸಾಲಿನ ನಡುವಿನಿಂದ ಅವಳು, ತುದಿಯಿಂದ ನಾವು. ಒಬ್ಬ ಸಿಪಾಯಿಗೆ ಅನುಮಾನ ಬಂದು ಕೂಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ಬಿಡುಗಡೆಯಾಗಿದ್ದರು. ಅವ್ವ ಎದ್ದುನಿಂತು ತನ್ನ ಕೊಡವನ್ನು ನೆಲಕ್ಕೆ ಒಡೆದಳು. ಅದು ಗೋಡೆಯ ಮೇಲಿದ್ದ ಬಿಲ್ಲಿನವರಿಗೆ ಗುರುತು. ಬಾಣ ಬಂದವು, ಬಂದೂಕು ಹಾರಿದವು, ಧೂಳಿನಲ್ಲಿ ಯಾರಿಗೆ ಯಾರೂ ಕಾಣದಾಯಿತು. ನಾನು ದೇಲುವಿನ ಕೈ ಹಿಡಿದು ಓಡಿದೆ. ಅವಳ ಮಗ ಗಂಬೊ ಇನ್ನೊಂದು ಕೈ ಹಿಡಿದಿದ್ದ. ಹಿಂದೆ ಫಿರಂಗಿಯ ಸದ್ದು, ಗೋಡೆ ಕುಸಿದ ಸದ್ದು. ಕುಂಬಾರಗಿತ್ತಿಯರಲ್ಲಿ ಕಾಡು ಸೇರಿದವರು ಕೆಲವೇ ಜನ. ಅವ್ವನ ಬಲತೋಳಿನ ಮೂಳೆ ಗುಂಡಿಗೆ ಪುಡಿಯಾಗಿತ್ತು. ಅವಳನ್ನು ಹೊತ್ತು ತಂದವರು ಚಿಕ್ಕವ್ವನ ಊರಿನವರು, ಹಾಗೆ ಮಾಡಿ ಎಂದು ಹೇಳಿದವಳು ಚಿಕ್ಕವ್ವ. ತಾನು ಮಾತ್ರ ಹತ್ತಿರ ಬರಲಿಲ್ಲ.

ಊರು ಹೋಯಿತು. ಮುರಿದ ಗೋಡೆಯ ಒಳಗೆ ಬಿಳಿಯರು ಬಾವುಟ ನೆಟ್ಟು, ಬರಾವ್‌ನನ್ನು ಮುಖ್ಯಸ್ಥನೆಂದು ಕೂರಿಸಿ ಮುಂದೆ ಹೋದರು. ನಾವು ಕಾಡಿನಲ್ಲಿ ಉಳಿದೆವು. ಅವರ ಸಾಮಾನಿನ ಸಾಲು ಬಂದಾಗಲೆಲ್ಲ ಹೊಳೆ ದಾಟುವ ಜಾಗದಲ್ಲಿ ಕಾದು ಹೊಡೆದೆವು, ಅವರು ಕಟ್ಟಿ ತಂದವರನ್ನು ಬಿಡಿಸಿದೆವು. ವರ್ಷಗಳ ಕಾಲ ಆ ದಾರಿಯಲ್ಲಿ ಅವರು ಹಗಲಿನಲ್ಲೂ ಹೆದರುತ್ತಲೇ ಹೋಗಬೇಕಾಯಿತು. ಆ ಹೊಡೆದಾಟಗಳನ್ನೆಲ್ಲ ನಡೆಸಿದವಳು ಚಿಕ್ಕವ್ವ. ಗಾಯ ಮಾಗಿ ಎದ್ದು ನಿಂತ ದಿನವೇ ಅವ್ವ, ಮುದುಕರ ಜೊತೆ ಮೊದಲೇ ಕಾಡಿಗೆ ಕಳಿಸಿದ್ದ ತನ್ನ ಪಟ್ಟದ ಕೋಲನ್ನು ಅವಳ ಗುಡಿಸಿಲಿನ ಮುಂದೆ ಇಟ್ಟು ಬಂದಿದ್ದಳು. ಚಿಕ್ಕವ್ವ ಅದನ್ನು ಎತ್ತಿಕೊಂಡಳು. ಅವ್ವ ಒಂದೇ ಕೈಯಲ್ಲಿ ಹೊಳೆಯಿಂದ ನೀರು ತಂದು ಗುಡಿಸಿಲು ಗುಡಿಸಿಲಿಗೆ ಹಾಕುತ್ತಿದ್ದಳು. ಬೇಡವೆಂದರೂ ಕೇಳುತ್ತಿರಲಿಲ್ಲ. ಚಿಕ್ಕವ್ವನ ಮನೆಯ ಕೊಡವನ್ನೂ ತುಂಬುತ್ತಿದ್ದಳು. ಅಕ್ಕತಂಗಿಯರ ನಡುವೆ ಮಾತು ಮಾತ್ರ ಇರಲಿಲ್ಲ.

ಆ ಜನ ನಮ್ಮನ್ನು ಒಂದು ದಿನವೂ ಹೀಯಾಳಿಸಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು. ಅವರಿಗೆ ಆ ದಿನದ ಬಗ್ಗೆ ಬೇರೆಯದೇ ತಿಳಿವಳಿಕೆಯಿತ್ತು. ಅಂದು ನಿಮ್ಮ ಊರಿಗೆ ಬಾಗಿಲೇ ಬಂದಿರಲಿಲ್ಲವಂತೆ, ನೀವೂ ಒಳಗೆ ಸಿಕ್ಕಿಹಾಕಿಕೊಂಡಿದ್ದಿರಂತೆ, ಕೂಗು ಕೇಳದಷ್ಟು ಗೋಡೆ ದಪ್ಪವಾಗಿತ್ತಂತೆ ಎಂದು ದೇಲು ಒಮ್ಮೆ ನನಗೇ ಸಮಾಧಾನ ಹೇಳಿದಳು. ಹಾಗೆಂದು ಯಾರು ಹೇಳಿದರೋ ನನಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ಗಂಬೊ ನನ್ನನ್ನು ಕೇಳಿದ್ದ, ನಾನು ಒಪ್ಪಿದ್ದೆ. ಮದುವೆಗೆ ಮೊದಲು ಅವನಿಗೆ ನಿಜ ಹೇಳಿದೆ. ಅವನು ಬಹಳ ಹೊತ್ತು ಬಾಣದ ತುದಿ ಮಸೆಯುತ್ತ ಕೂತ. ಅವನ ಅಣ್ಣನ ಮೂವರು ಮಕ್ಕಳು ಅಂದು ವಾಪಸು ಹೋದ ಮೇಲೆ ಬೆಂಕಿಗೆ ಸಿಕ್ಕಿದ್ದರು. “ನನ್ನ ಅವ್ವನಿಗೆ ಹೇಳ್ಬೇಡ. ಅವಳು ನಿನ್ನನ್ನ ಇಷ್ಟಪಟ್ಟಿದಾಳೆ” ಎಂದ. ನಾನು ಹೇಳಲಿಲ್ಲ. ದೇಲು ನನ್ನ ತಲೆ ಹೆಣೆಯುವಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ನನಗೆ ಹೆಣ್ಣು ಮಗು ಹುಟ್ಟಿತು. ಹೆಸರಿಡುವ ಬೆಳಿಗ್ಗೆ ಕಾಡಿನ ನೆಲೆಯ ಜನವೆಲ್ಲ ದೊಡ್ಡಹುಣಸೆ ಮರದ ಕೆಳಗೆ ಸೇರಿದರು. ಊರೂರು ತಿರುಗುವ ಹಾಡುಗಾರನೊಬ್ಬ ತನ್ನ ಒಂಟಿ ತಂತಿಯ ವಾದ್ಯ ಹಿಡಿದು ಬಂದಿದ್ದ. ಅವನು ಮಗಾಜಿಯಾ ತಸಲ್ಲಾಳ ಹಾಡು ಕಟ್ಟಿದ್ದ, ದೂರದ ಸಂತೆಗಳಲ್ಲಿ ಅದಕ್ಕೆ ಬೇಡಿಕೆಯಿತ್ತು. ಸಿಂಬೆಯಲ್ಲಿ ಚೂರಿ ಹೊತ್ತವಳು, ಬಾಯಾರಿದವರ ಹಗ್ಗ ಕಡಿದವಳು, ಬಿಳಿಯರ ಫಿರಂಗಿಯ ಮುಂದೆ ಕೊಡ ಒಡೆದವಳು ಎಂದು ಹಾಡಿದ. ಚೆನ್ನಾಗಿ ಹಾಡಿದ. ಮಕ್ಕಳು ತಾಳ ಹಾಕಿದರು. ದೇಲು ಕಣ್ಣೊರೆಸಿಕೊಂಡು, “ಮಗುಗೆ ತಸಲ್ಲಾ ಅಂತಲೇ ಇಡೋಣ, ಆ ತಾಯಿ ಇಲ್ದಿದ್ರೆ ನಾನೂ ಇಲ್ಲ, ನನ್ನ ಮಗನೂ ಇಲ್ಲ” ಎಂದಳು. ಜನ ಒಪ್ಪಿ ತಲೆದೂಗಿದರು. ಗಂಬೊ ನನ್ನ ಮುಖ ನೋಡಿದ. ನಾನು ಮಗುವಿನ ಮುಖ ನೋಡಿದೆ.

ಅವ್ವ ಕೊನೆಯ ಸಾಲಿನಲ್ಲಿ ಕೂತಿದ್ದಳು. ನಿಧಾನವಾಗಿ ಎದ್ದು ನಡುವಿಗೆ ಬಂದು, ತಂತಿಯ ಮೇಲೆ ಕೈಯಿಟ್ಟಳು.

“ಹಾಡು ತಡವಾಗಿ ಶುರುವಾಗಿದೆಯಪ್ಪ” ಎಂದಳು. “ಅದಕ್ಕಿಂತ ಮುಂಚಿನದನ್ನ ನಾನು ಹೇಳ್ತೀನಿ. ಆಮೇಲೆ ಹೆಸರಿನ ವಿಷಯ ನೋಡಿ.”

ಅವಳು ಎಲ್ಲವನ್ನೂ ಹೇಳಿದಳು. ತಂಗಿ ಬಂದು ಕೇಳಿದ್ದು, ತಾನು ಮಾತು ಕೊಟ್ಟದ್ದು, ಕದಕ್ಕೆ ಮಣ್ಣು ಮೆತ್ತಿಸಿದ್ದು. ಬರಾವ್‌ನ ಹೆಸರನ್ನು ಅವಳು ಎತ್ತಲೇ ಇಲ್ಲ, ತಾನು ಎಂದೇ ಹೇಳಿದಳು. ಉಗ್ರಾಣದಲ್ಲಿ ಮಗಳನ್ನು ಕೂಡಿಹಾಕಿದ್ದನ್ನೂ ಹೇಳಿದಳು. “ಕೂಗು ಕೇಳಿಸ್ತು. ತಟ್ಟಿದ್ದೂ ಕೇಳಿಸ್ತು. ಎಲ್ಲಾರಿಗೂ ಕೇಳಿಸ್ತು.” ಅಷ್ಟು ಹೇಳಿ ಕೈ ಕೆಳಗೆ ಬಿಟ್ಟು ನಿಂತಳು. ನಾನು ಮುಖ ತಗ್ಗಿಸಿದ್ದೆ. ನಮ್ಮ ಊರಿನವರೆಲ್ಲ ಮುಖ ತಗ್ಗಿಸಿದ್ದರು. ಎಷ್ಟೋ ವರ್ಷ ಒಟ್ಟಿಗೆ ಉಂಡ ಜನರ ನಡುವೆ ಯಾರು ಯಾವ ಊರಿನವರು ಎಂಬುದು ಆ ಹೊತ್ತಿನಲ್ಲಿ ಕೂತ ರೀತಿಯಿಂದಲೇ ಗೊತ್ತಾಗುತ್ತಿತ್ತು.

ಆಗ ಚಿಕ್ಕವ್ವ ಮಾತಾಡಿದಳು. ಅವಳು ಅವ್ವನ ಕಡೆ ತಿರುಗಿಯೇ ಮಾತಾಡಿದಳು.

“ಮಣ್ಣು ಇನ್ನೂ ಹಸಿಯಾಗಿತ್ತು, ಅಕ್ಕ.”

ಅವ್ವ ಅವಳನ್ನು ನೋಡಿದಳು.

“ನನ್ನ ಕೈಗೆ ಅಂಟ್ಕೊಳ್ತು. ಮೂಸಿ ನೋಡ್ದೆ. ಆವತ್ತು ಬೆಳಗ್ಗೆಯ ಮಣ್ಣು ಅಂತ ಗೊತ್ತಾಯ್ತು. ಅದರ ಕೆಳಗೆ ಕದದ ಮರ ಇದೆ ಅಂತಾನೂ ಗೊತ್ತಾಯ್ತು.” ಅವಳು ತನ್ನ ಜನರ ಕಡೆ ತಿರುಗಿದಳು. “ನಾನು ಕೈ ಒರೆಸ್ಕೊಂಡು ಮುಂದೆ ನಡೆದೆ. ಇವತ್ತು ಈ ಊರಿಗೆ ಬಾಗ್ಲು ಬಂದಿಲ್ಲ ಅಂತ ನಿಮಗೆ ಹೇಳಿದ್ದು ನಾನೇ. ನನ್ನ ಒಡಹುಟ್ಟಿದವಳು ಹೀಗೆ ಮಾಡಿದಾಳೆ ಅಂತ ನಿಮ್ಮ ಮುಂದೆ ಹೇಳೋಕೆ ನಾಚಿಕೆಯಾಯ್ತು. ಬೇರೆ ಏನೂ ಅಲ್ಲ. ನಾಚಿಕೆಯಾಯ್ತು.”

ದೇಲು ನೆಲಕ್ಕೆ ಕೈಯೂರಿ ಎದ್ದಳು. ಅವಳು ಇಬ್ಬರ ಹತ್ತಿರವೂ ಹೋಗಿ ನಿಂತಳು. ಅವಳ ದನಿ ಸಣ್ಣಗಿತ್ತು.

“ಅಲ್ಲಿ ನಾವೆಲ್ಲ ಸೇರಿ ಬಡಿದಿದ್ರೆ ಬಾಗ್ಲು ಒಡೀತಿತ್ತಾ?”

ಚಿಕ್ಕವ್ವನಿಗೆ ಅದು ಗೊತ್ತಿರಲಿಲ್ಲ. ಅವಳು ಅಕ್ಕನ ಮುಖ ನೋಡಿದಳು.

“ಬಡಿಯೋದೂ ಬೇಕಿರ್ಲಿಲ್ಲ” ಎಂದಳು ಅವ್ವ. “ಒಳಗಡೆ ಅಗುಳಿ ಹಾಕಿರ್ಲಿಲ್ಲ. ಹಾಕೋಕೆ ಹೋದೆ, ನನ್ನ ಕೈಲಿ ಆಗ್ಲಿಲ್ಲ. ಅವರಿಗೇ ಸಿಕ್ಕಿದ್ರೆ ಒಳಗೆ ಬರ್ಲಿ ಅಂತ ಬಿಟ್ಟೆ. ನೂಕಿದ್ರೆ ತೆರ್ಕೊಳ್ತಿತ್ತು.”

ಚಿಕ್ಕವ್ವ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೆಳಗೆ ಕೂತುಬಿಟ್ಟಳು. ಅವ್ವ ಅವಳ ಪಕ್ಕದಲ್ಲಿ, ಮುಟ್ಟದಷ್ಟು ದೂರದಲ್ಲಿ ಕೂತಳು. ದೇಲು ಅವರಿಬ್ಬರನ್ನೂ ನೋಡುತ್ತ ನಿಂತಿದ್ದಳು. ಅವಳು ಬೈಯುತ್ತಾಳೆ, ಇಲ್ಲವೇ ತಿರುಗಿ ಹೋಗಿಬಿಡುತ್ತಾಳೆ ಎಂದು ನಾನು ಕಾಯುತ್ತಿದ್ದೆ.

“ಇಬ್ರೂ ಎದ್ದು ಹೋಗ್ಬೇಡಿ” ಎಂದಳು ದೇಲು. “ನನ್ನ ಮೂರು ಮೊಮ್ಮಕ್ಕಳ ಹೆಸರು ಹೇಳ್ತೀನಿ, ಕೇಳಿಸ್ಕೊಳ್ಳಿ.”

ಅವಳು ಅವರ ಎದುರು ಕೂತು ಮೊದಲನೆಯ ಹೆಸರು ಹೇಳಿದಳು. ಆ ಮಗು ಹೇಗೆ ನಡೆಯುತ್ತಿತ್ತು, ಯಾವ ಊಟಕ್ಕೆ ಹಟ ಮಾಡುತ್ತಿತ್ತು ಎಂದು ಹೇಳತೊಡಗಿದಳು. ಅವ್ವ ಕೇಳುತ್ತಿದ್ದಳು. ಚಿಕ್ಕವ್ವ ಕೇಳುತ್ತಿದ್ದಳು. ಹಾಡುಗಾರ ಎದ್ದು ವಾದ್ಯವನ್ನು ಚೀಲಕ್ಕೆ ಹಾಕಲು ಹೋದ, ಆಮೇಲೆ ಏನೆನ್ನಿಸಿತೋ, ಹಾಗೇ ಕೂತ. ನನ್ನ ಮಡಿಲಲ್ಲಿ ಮಗು ಎಚ್ಚರವಾಗಿ ಅಳತೊಡಗಿತು. ನಾನು ಅದನ್ನು ಎದೆಗೆ ಹಚ್ಚಿಕೊಂಡು, ಮುಂದಿನ ಹೆಸರು ಕೇಳಿಸಿಕೊಳ್ಳಲು ಅವರ ಹತ್ತಿರಕ್ಕೆ ಸರಿದು ಕೂತೆ.